ಮರಳಿ ಬಾರದ ಸರಕು: ಮನೆಯ ಅಪಾಯಕಾರಿ ತ್ಯಾಜ್ಯ ಮತ್ತು ವರ್ತಕರ ಹೊಣೆ

ಮಾರಾಟದ ರಸೀದಿ ಕೊಟ್ಟೊಡನೆ ವರ್ತಕರ ಹೊಣೆ ಮುಗಿಯಿತೆಂಬುದು ವಾಡಿಕೆಯ ತಿಳಿವಳಿಕೆ. ಬೀದರ್ ನಗರ, ಭಾಲ್ಕಿ ಹಾಗೂ ಔರಾದ್ ಪೇಟೆಗಳಿಂದ ಮನೆಗಳಿಗೆ ಸೇರುವ ಬಣ್ಣ, ಥಿನ್ನರ್, ಟ್ಯೂಬ್‌ಲೈಟ್, ಬ್ಯಾಟರಿ, ಔಷಧಿ ಮತ್ತು ಕೀಟನಾಶಕಗಳ ವಿಷಯದಲ್ಲಿ ಇದು ಪೂರ್ಣ ಸತ್ಯವಲ್ಲ. ಬಳಸಿ ಉಳಿದದ್ದು ಎಲ್ಲಿಗೆ ಹೋಗುತ್ತದೆಂಬುದು ಬಹುಮಟ್ಟಿಗೆ ಅಂಗಡಿಯಲ್ಲಿಯೇ ನಿರ್ಧಾರವಾಗುತ್ತದೆ.

ಇನ್‌ವರ್ಟರ್ ಮತ್ತು ವಾಹನಗಳ ಬ್ಯಾಟರಿ ಇದಕ್ಕೆ ನಿದರ್ಶನ. ಹಳೆಯ ಸೀಸದ ಬ್ಯಾಟರಿಯನ್ನು ಯಾರೂ ತಿಪ್ಪೆಗೆ ಎಸೆಯುವುದಿಲ್ಲ. ಹೊಸದನ್ನು ಕೊಳ್ಳುವಾಗ ಅದಕ್ಕೆ ಬೆಲೆ ಸಿಗುತ್ತದೆ. ಮಾರಾಟಗಾರರು ಹಳೆಯದನ್ನು ಹಿಂಪಡೆಯಬೇಕೆಂದು 2001ರ ನಿಯಮಗಳು ವಿಧಿಸಿದ್ದವು. 2022ರ ಆಗಸ್ಟ್‌ನಲ್ಲಿ ಅವುಗಳ ಸ್ಥಾನಕ್ಕೆ ಬಂದ ನಿಯಮಗಳು ಎಲ್ಲ ಬಗೆಯ ಬ್ಯಾಟರಿಗಳನ್ನೂ ಒಳಗೊಂಡು, ಸಂಗ್ರಹದ ಹೊಣೆಯನ್ನು ಉತ್ಪಾದಕರ ಮೇಲೆ ಹೊರಿಸಿವೆ. ಔಷಧ ಅಂಗಡಿಯಲ್ಲಿಯೂ ಅವಧಿ ಮೀರಿದ ದಾಸ್ತಾನು ವಿತರಕರಿಗೆ ಹಿಂದಿರುಗಿ ಕ್ರೆಡಿಟ್ ನೋಟ್ ಬರುತ್ತದೆ. ಅದೇ ಗುಳಿಗೆ ಗ್ರಾಹಕರ ಮನೆ ಸೇರಿದ ಮೇಲೆ ಅದಕ್ಕೆ ಬೆಲೆಯಿಲ್ಲ. ಬೆಲೆಯಿಲ್ಲದ ಕಾರಣ ಮರಳುವ ದಾರಿಯೂ ಇಲ್ಲ.

ಈ ಭಾಗದಲ್ಲಿ ಇದರ ಪರಿಣಾಮ ಗಂಭೀರವಾದುದು. ಬೀದರ್ ನಗರವು ರಂಧ್ರಮಯ ಜಂಬಿಟ್ಟಿಗೆ ಕಲ್ಲಿನ ಮೇಲೆ ನಿಂತಿದೆ. ಇದೇ ಕಲ್ಲಿನಲ್ಲಿ ಜಿನುಗುವ ನೀರನ್ನು ಹಿಡಿಯಲು ಬಹಮನಿ ಅರಸರ ಕಾಲದಲ್ಲಿ ನೌಬಾದಿನ ಸುರಂಗ ಬಾವಿಯನ್ನು ತೋಡಲಾಯಿತು. ನೀರು ಇಳಿಯುವ ದಾರಿಯಲ್ಲಿಯೇ ಥಿನ್ನರೂ ಇಳಿಯಬಲ್ಲದು. ಸೋಯಾ, ತೊಗರಿ ಬೆಳೆಯುವ ಭಾಲ್ಕಿ ಮತ್ತು ಔರಾದ್ ಸೀಮೆಯಲ್ಲಿ ಖಾಲಿ ಕೀಟನಾಶಕದ ಡಬ್ಬಿಯು ನೀರು, ಎಣ್ಣೆ ತುಂಬುವ ಪಾತ್ರೆಯಾದರೆ ಪ್ರಾಣಕ್ಕೇ ಸಂಚಕಾರ. ಒಡೆದ ಟ್ಯೂಬ್‌ಲೈಟಿನ ಪಾದರಸದ ಆವಿಯನ್ನು ಮೊದಲು ಉಸಿರಾಡುವವರು ಮನೆಯವರು ಮತ್ತು ಪೌರಕಾರ್ಮಿಕರು.

ಕಾನೂನು ಈ ವಿಷಯದಲ್ಲಿ ಮೌನವಾಗಿಲ್ಲ. ಇಂತಹ ತ್ಯಾಜ್ಯವನ್ನು ಮನೆಯಲ್ಲೇ ಬೇರ್ಪಡಿಸಬೇಕೆಂದು 2016ರ ಘನತ್ಯಾಜ್ಯ ನಿಯಮಗಳು ಹೇಳಿದ್ದವು. 2026ರ ಏಪ್ರಿಲ್ 1ರಿಂದ ಜಾರಿಗೆ ಬಂದ ನಿಯಮಗಳು ಹಸಿ, ಒಣ, ನೈರ್ಮಲ್ಯ ಮತ್ತು ವಿಶೇಷ ನಿಗಾ ತ್ಯಾಜ್ಯವೆಂದು ನಾಲ್ಕು ವಿಭಾಗಗಳನ್ನು ಮಾಡಿವೆ. ಬಣ್ಣದ ಡಬ್ಬಿ, ಬಲ್ಬು, ಔಷಧಿಗಳು ನಾಲ್ಕನೆಯದಕ್ಕೆ ಸೇರುತ್ತವೆ.

ಮೊದಲ ಕರ್ತವ್ಯ ತ್ಯಾಜ್ಯವನ್ನು ಕಡಿಮೆ ಮಾಡುವುದು. ಯಂತ್ರದಲ್ಲಿ ಬೆರೆಸಿದ ಬಣ್ಣವನ್ನು ಅಂಗಡಿ ಹಿಂಪಡೆಯಲಾರದು. ಆದುದರಿಂದ ಗೋಡೆಯ ಅಳತೆ ಕೇಳಿ, ಬೇಕಾದಷ್ಟನ್ನೇ ಬೆರೆಸಿ ಕೊಡುವುದು ಉಚಿತ. ಕೀಟನಾಶಕವನ್ನು ಎಕರೆಯ ಲೆಕ್ಕದಲ್ಲಿ, ಗುಳಿಗೆಯನ್ನು ವೈದ್ಯರು ಬರೆದ ದಿನಗಳ ಲೆಕ್ಕದಲ್ಲಿ ಕೊಡಬೇಕು. ಟ್ಯೂಬ್‌ಲೈಟಿನ ಬದಲು ಪಾದರಸವಿಲ್ಲದ ಎಲ್‌ಇಡಿ ದೀಪವನ್ನು ಸೂಚಿಸಬಹುದು.

ಎರಡನೆಯದು ಸುರಕ್ಷಿತ ವಿಲೇವಾರಿ. ಕೇರಳವು 2025ರಲ್ಲಿ ಮನೆಗಳಲ್ಲಿ ಉಳಿದ ಔಷಧಿಗಳ ಸಂಗ್ರಹ ಆರಂಭಿಸಿತು. ನಮ್ಮ ಪೇಟೆಗಳಲ್ಲಿಯೂ ಇದು ಅಸಾಧ್ಯವಲ್ಲ. ಮೊದಲು, ಸಂಗ್ರಹಿಸಿದ್ದನ್ನು ಸ್ವೀಕರಿಸುವುದಾಗಿ ಸ್ಥಳೀಯ ಸಂಸ್ಥೆಯಿಂದ ಲಿಖಿತ ಒಪ್ಪಿಗೆ ಪಡೆಯಬೇಕು. ಒಂದು ಪೇಟೆಗೆ ಒಂದು ಸಂಗ್ರಹ ಸ್ಥಳ, ಒಂದು ವಹಿ ಸಾಕು. ಟ್ಯೂಬ್‌ಲೈಟನ್ನು ಒಡೆಯದೆ ರಟ್ಟಿನ ಪೆಟ್ಟಿಗೆಯಲ್ಲಿಡಬೇಕು. ಕೀಟನಾಶಕದ ಡಬ್ಬಿಯನ್ನು ಮೂರು ಬಾರಿ ತೊಳೆದು, ಆ ನೀರನ್ನು ಸಿಂಪಡಣೆಯ ಟ್ಯಾಂಕಿಗೇ ಸುರಿದು, ಡಬ್ಬಿಗೆ ತೂತು ಮಾಡಬೇಕೆಂದು ರೈತರಿಗೆ ತಿಳಿಸಬೇಕು. ಸೀಸದ ಬ್ಯಾಟರಿಗಳು ನೋಂದಾಯಿತ ಮರುಬಳಕೆದಾರರನ್ನೇ ತಲುಪಬೇಕು.

ಲೆಕ್ಕಪತ್ರದ ಒಂದು ಎಚ್ಚರಿಕೆ ಇಲ್ಲಿ ಅವಶ್ಯ. ಹಳೆಯ ಬ್ಯಾಟರಿ ಪಡೆದು ಹೊಸದನ್ನು ಮಾರಿದಾಗ, ಜಿಎಸ್‌ಟಿ ನಿಯಮ 27ರಂತೆ ವಿನಿಮಯವಿಲ್ಲದೆ ಮಾರುವ ಪೂರ್ಣ ಬೆಲೆಯ ಮೇಲೆ ತೆರಿಗೆ ಲೆಕ್ಕ ಹಾಕಬೇಕು. ನಿಯಮವೇ ಕೊಟ್ಟ ಉದಾಹರಣೆಯಲ್ಲಿ, ಹಳೆಯ ಫೋನ್ ಪಡೆದು 20,000 ರೂಪಾಯಿಗೆ ಮಾರಿದ ಹೊಸ ಫೋನಿನ ಬೆಲೆ ವಿನಿಮಯವಿಲ್ಲದೆ 24,000 ಆಗಿದ್ದರೆ, ತೆರಿಗೆಗೆ 24,000 ರೂಪಾಯಿಯೇ ಆಧಾರ.

ಬೆಲೆಯಿರುವ ಬ್ಯಾಟರಿ ಮರಳಿ ಬರುವುದಾದರೆ, ಬೆಲೆಯಿಲ್ಲದ ಟ್ಯೂಬ್‌ಲೈಟಿಗೂ ಕೆಲವು ರೂಪಾಯಿಗಳ ಬೆಲೆ ಕಟ್ಟಲು ಸಾಧ್ಯ. ಆ ಅಲ್ಪ ಮೊತ್ತವನ್ನು ವರ್ತಕ ಬಾಂಧವರು ನಷ್ಟವೆಂದು ಬಗೆಯಬೇಕಾಗಿಲ್ಲ. ತಾವು ಮತ್ತು ತಮ್ಮ ಗ್ರಾಹಕರು ಕುಡಿಯುವ ನೀರಿಗಾಗಿ ಮಾಡಿದ ವೆಚ್ಚವದು.