ಪಿರಮಿಡ್ಡುಗಳನ್ನು ಕಟ್ಟಿದ ಕೈಗಳು

ಪುರಾತನ ಈಜಿಪ್ಟ್ ಎಂದೊಡನೆ ನಮ್ಮ ಕಣ್ಣ ಮುಂದೆ ನಿಲ್ಲುವುದು ಪಿರಮಿಡ್ಡು. ಅದರ ಬೆನ್ನಿಗೇ ಚಾವಟಿಯ ಏಟು ತಿನ್ನುತ್ತ ಬಂಡೆಗಳನ್ನೆಳೆಯುವ ಗುಲಾಮರ ಸಾಲು. ಈ ಎರಡನೆಯ ಚಿತ್ರ ಬಹುಮಟ್ಟಿಗೆ ಚಲನಚಿತ್ರಗಳ ಕೊಡುಗೆ.

ಆ ನಾಗರಿಕತೆಗೆ ನೈಲ್ ನದಿಯೇ ಮೂಲಾಧಾರ. ವರ್ಷಕ್ಕೊಮ್ಮೆ ಅದು ನೆರೆಯೇರಿ, ಇಳಿಯುವಾಗ ಹೊಲಗಳ ಮೇಲೆ ಕಪ್ಪು ಮೆಕ್ಕಲುಮಣ್ಣನ್ನು ಹಾಸಿ ಹೋಗುತ್ತಿತ್ತು. (1970ರಲ್ಲಿ ಅಸ್ವಾನ್ ಅಣೆಕಟ್ಟು ಪೂರ್ಣಗೊಂಡ ಮೇಲೆ ಈ ನೆರೆ ನಿಂತಿದೆ.) ಅಲ್ಲಿನವರು ತಮ್ಮ ನಾಡನ್ನು ‘ಕೆಮೆತ್’, ಅಂದರೆ ಕರಿಯ ನೆಲ ಎಂದು ಕರೆದರು. ‘ಕರುನಾಡು’ ಎಂಬುದಕ್ಕೂ ಕರಿಮಣ್ಣಿನ ನಾಡೆಂದು ಅರ್ಥ ಹೇಳುವ ವಿದ್ವಾಂಸರಿರುವುದರಿಂದ ಕನ್ನಡಿಗರಿಗೆ ಈ ಹೆಸರು ತೀರ ಅಪರಿಚಿತವೆನಿಸದು. ನೆರೆಯ ಮಟ್ಟವನ್ನು ವರ್ಷವರ್ಷವೂ ಅಳೆದು ದೊರೆಗಳ ಹೆಸರಿನೊಡನೆ ಕಲ್ಲಿನಲ್ಲಿ ಕೊರೆದಿಟ್ಟರು. ಅದರ ತುಂಡೊಂದು ‘ಪಲೆರ್ಮೊ ಶಿಲೆ’ ಎಂಬ ಹೆಸರಿನಿಂದ ಉಳಿದುಬಂದಿದೆ.

ಕ್ರಿ.ಪೂ. 3100ರ ಸುಮಾರಿಗೆ ದಕ್ಷಿಣದ ಹಾಗೂ ಉತ್ತರದ ಈಜಿಪ್ಟುಗಳು ಒಂದುಗೂಡಿದವು. 1898ರಲ್ಲಿ ಹಿಯೆರಕಾನ್‌ಪೊಲಿಸ್‌ನಲ್ಲಿ ದೊರೆತ ಶಿಲಾಫಲಕದಲ್ಲಿ ನಾರ್ಮೆರ್ ದೊರೆ ಒಂದು ಮುಖದಲ್ಲಿ ದಕ್ಷಿಣದ ಬಿಳಿಯ ಕಿರೀಟವನ್ನೂ ಇನ್ನೊಂದರಲ್ಲಿ ಉತ್ತರದ ಕೆಂಪು ಕಿರೀಟವನ್ನೂ ಧರಿಸಿದ್ದಾನೆ. ಮುಂದೆ ಜೋಸರ್ ದೊರೆಗಾಗಿ ಸಕ್ಕಾರದಲ್ಲಿ ಆರು ಮೆಟ್ಟಿಲಿನ ಪಿರಮಿಡ್ಡು ಎದ್ದಿತು. ಅದರ ಶಿಲ್ಪಿಯೆನಿಸಿದ ಅಮಾತ್ಯ ಇಮ್‌ಹೊಟೆಪ್, ಶತಮಾನಗಳ ತರುವಾಯ ವೈದ್ಯದೇವತೆಯಾಗಿ ಪೂಜೆಗೊಂಡ. ಗೀಜಾದಲ್ಲಿ ಕೂಫೂ ಕಟ್ಟಿಸಿದ್ದು 146 ಮೀಟರ್ ಎತ್ತರದ ಮಹಾಪಿರಮಿಡ್ಡು.

ಒಂದು ಲಕ್ಷ ಜನ ಅಲ್ಲಿ ದುಡಿದರೆಂದು ಗ್ರೀಕ್ ಚರಿತ್ರಕಾರ ಹೆರೊಡೋಟಸ್ ಬರೆದಿದ್ದಾನೆ. ಅವನಾದರೋ ಕೂಫೂವಿಗೆ ಎರಡು ಸಾವಿರ ವರ್ಷ ಕಿರಿಯ! ನಿಜಸಂಗತಿ ತಿಳಿಯತೊಡಗಿದ್ದು 1990ರಲ್ಲಿ, ಗೀಜಾದ ಬಳಿ ಕೆಲಸಗಾರರ ಗೋರಿಗಳು ಸಿಕ್ಕಾಗ. ಅಲ್ಲಿನ ಅಸ್ಥಿಪಂಜರಗಳು ನಮ್ಮ ವೈದ್ಯಮಿತ್ರರು ಮೆಚ್ಚುವಂಥ ಕಥೆ ಹೇಳುತ್ತವೆ. ಭಾರ ಹೊತ್ತು ಬೆನ್ನೆಲುಬು ಸವೆದಿದೆ. ಆದರೆ ಮುರಿದ ಕೈಗಳ ಮೂಳೆ ನೆಟ್ಟಗೆ ಕೂಡಿಕೊಂಡಿದೆ. ಅಂದರೆ ಯಾರೋ ಕಟ್ಟು ಹಾಕಿದ್ದಾರೆ, ಗಾಯ ಮಾಗುವವರೆಗೂ ಅನ್ನವಿಟ್ಟಿದ್ದಾರೆ. ಸಮೀಪದಲ್ಲೇ ರೊಟ್ಟಿ ಸುಡುವ ದೊಡ್ಡ ಒಲೆಮನೆಗಳೂ ದನಕುರಿಗಳ ಮೂಳೆಯ ರಾಶಿಯೂ ಹೊರಬಿದ್ದವು. ಕೂಲಿಯೆಂದರೆ ರೊಟ್ಟಿ ಮತ್ತು ಬಿಯರು. ಆ ಕಾಲದ ರೊಟ್ಟಿಯ ಹಿಟ್ಟಿನಲ್ಲಿ ಮರಳು ಬೆರೆತಿರುತ್ತಿದ್ದುದರಿಂದ ಹಲ್ಲುಗಳು ಸವೆಯುತ್ತಿದ್ದುವು; ಈ ಬಾಧೆ ದೊರೆಗಳನ್ನೂ ಬಿಡಲಿಲ್ಲ.

ಹಾಗೆಂದು ಇವರೆಲ್ಲ ಸ್ವಇಚ್ಛೆಯಿಂದ ಬಂದವರೆನ್ನಲಾಗದು. ದೊರೆಯ ಕರೆ ಬಂದಾಗ ಒಲ್ಲೆನೆನ್ನುವುದು ರೈತನಿಗೆ ಸುಲಭವಾಗಿರಲಿಲ್ಲ; ನಮ್ಮ ಹಳೆಯ ಬಿಟ್ಟಿಚಾಕರಿಯ ಛಾಯೆ ಅಲ್ಲಿಯೂ ಇತ್ತು. ಆದರೆ ಲೆಕ್ಕ ಕಟ್ಟುನಿಟ್ಟಾಗಿತ್ತು. 2013ರಲ್ಲಿ ಕೆಂಪು ಸಮುದ್ರದ ದಡದಲ್ಲಿ ದೊರೆತ ಪಪೈರಸ್ ಸುರುಳಿಗಳಲ್ಲಿ ಮೆರೆರ್ ಎಂಬ ಮೇಸ್ತ್ರಿ, ತೂರಾದಿಂದ ದೋಣಿಯಲ್ಲಿ ಸುಣ್ಣಕಲ್ಲು ಸಾಗಿಸಿದ್ದನ್ನು ದಿನದಿನವೂ ಬರೆದಿಟ್ಟಿದ್ದಾನೆ.

ಕಲ್ಲುಗಳ ಮೇಲೆ ಕೆಲಸಗಾರರ ತಂಡಗಳ ಹೆಸರುಗಳೂ ಉಳಿದಿವೆ. ಒಂದು ತಂಡ ‘ಕೂಫೂವಿನ ಗೆಳೆಯರು’. ಮೂರನೆಯ ಪಿರಮಿಡ್ಡಿನ ಒಡೆಯ ಮೆನ್ಕೌರೆಯ ಕಾಲದ ಇನ್ನೊಂದು ತಂಡದ ಹೆಸರು ‘ಮೆನ್ಕೌರೆಯ ಕುಡುಕರು’. ದೊರೆಯ ಹೆಸರಿಗೆ ಇಂಥ ಮಾತು ಜೋಡಿಸುವ ಸಲುಗೆ ಚಾವಟಿಯ ಕೆಳಗೆ ಹುಟ್ಟೀತೆ?