ನಲವತ್ತೆರಡು ಬೆಟ್ಟಗಳ ಓಟ

ಓಟದ ಪಂದ್ಯವೆಂದೊಡನೆ ಸುಣ್ಣದ ಗೆರೆಗಳನ್ನೆಳೆದ ಮೈದಾನವೂ ಚಪ್ಪಾಳೆ ತಟ್ಟುವ ಜನಸಮೂಹವೂ ನಮ್ಮ ಕಣ್ಣಮುಂದೆ ನಿಲ್ಲುತ್ತವೆ. ಆದರೆ ಗೆರೆಯಾಗಲಿ, ಪ್ರೇಕ್ಷಕರಾಗಲಿ, ಬಹುಮಾನವಾಗಲಿ ಇಲ್ಲದ ಓಟವೂ ಒಂದುಂಟು. ಅಲ್ಲಿ ಓಟಗಾರನು ತನ್ನ ದಾರಿಯನ್ನು ತಾನೇ ಕಂಡುಕೊಳ್ಳಬೇಕು. ಇಂತಹ ಓಟಕ್ಕೆ ಹೆಸರಾದುದು ಇಂಗ್ಲೆಂಡಿನ ವಾಯವ್ಯ ಭಾಗದಲ್ಲಿರುವ ಲೇಕ್ ಡಿಸ್ಟ್ರಿಕ್ಟ್ ಎಂಬ ಸರೋವರಗಳ ಸೀಮೆ.

ಈ ಸೀಮೆಯ ಬೆಟ್ಟಗಳು ಬಹಳ ಎತ್ತರವಾದುವಲ್ಲ. ಇಂಗ್ಲೆಂಡಿನಲ್ಲಿಯೇ ಅತ್ಯುನ್ನತವಾದ ಸ್ಕಾಫೆಲ್ ಪೈಕ್ ಇರುವುದು ಇಲ್ಲಿಯೇ. ಅದರ ಎತ್ತರ 978 ಮೀಟರುಗಳು. ಆದರೆ ಸಮುದ್ರವು ಸಮೀಪದಲ್ಲಿರುವುದರಿಂದ ಮಂಜು, ಮಳೆ, ಬಿರುಗಾಳಿಗಳು ಹೇಳದೆ ಕೇಳದೆ ಬಂದೆರಗುತ್ತವೆ. ಈ ಸೀಮೆಯ ಕೆಸಿಕ್ ಎಂಬ ಊರಿನಲ್ಲಿ ಬಾಬ್ ಗ್ರಹಾಂ ಎಂಬವರು ಅತಿಥಿಗೃಹವೊಂದನ್ನು ನಡೆಸುತ್ತಿದ್ದರು. 1932ರ ಜೂನ್ ತಿಂಗಳಲ್ಲಿ ಅವರು ಕೆಸಿಕ್‌ನಿಂದ ಹೊರಟು, 42 ಶಿಖರಗಳನ್ನೇರಿ, 23 ಗಂಟೆ 39 ನಿಮಿಷಗಳಲ್ಲಿ ಅಲ್ಲಿಗೇ ಹಿಂದಿರುಗಿದರು. ಅವರ ಕಾಲಿನಲ್ಲಿದ್ದುದು ಸಾಮಾನ್ಯವಾದ ಟೆನ್ನಿಸ್ ಬೂಟು. ಆಹಾರವೆಂದರೆ ಬ್ರೆಡ್ಡು, ಬೆಣ್ಣೆ, ಬೇಯಿಸಿದ ಮೊಟ್ಟೆ ಮತ್ತು ಹಣ್ಣು.

ಈ ಸಾಧನೆಯ ಅಳತೆಯನ್ನು ಒಂದು ಸುಲಭವಾದ ಲೆಕ್ಕದಿಂದ ತಿಳಿಯಬಹುದು. ನೇಸ್ಮಿತ್ ಎಂಬ ಸ್ಕಾಟ್ಲೆಂಡಿನ ಪರ್ವತಾರೋಹಿಯು 1892ರಲ್ಲಿ ಬೆಟ್ಟದ ನಡಿಗೆಗೆ ಒಂದು ಸೂತ್ರವನ್ನು ಕೊಟ್ಟನು. ಅದರ ಪ್ರಕಾರ ಸುಮಾರು 5 ಕಿಲೋಮೀಟರು ದೂರಕ್ಕೆ ಒಂದು ಗಂಟೆ. ಅದರ ಜೊತೆಗೆ ಏರುವ ಪ್ರತಿ 600 ಮೀಟರಿಗೆ ಇನ್ನೊಂದು ಗಂಟೆ. ಗ್ರಹಾಂ ಸುತ್ತಿನ ದೂರ ಸುಮಾರು 106 ಕಿಲೋಮೀಟರು. ಎಲ್ಲ ಏರುಗಳನ್ನು ಕೂಡಿಸಿದರೆ ಸುಮಾರು 8,200 ಮೀಟರು. ಎವರೆಸ್ಟಿನ ಎತ್ತರಕ್ಕಿಂತ ಇದು ಸ್ವಲ್ಪವೇ ಕಡಿಮೆ. ದೂರಕ್ಕೆ 21 ಗಂಟೆ, ಏರಿಗೆ ಸುಮಾರು 14 ಗಂಟೆ. ಅಂದರೆ ವಿಶ್ರಾಂತಿಯಿಲ್ಲದೆ ನಡೆಯುವವನಿಗೂ 35 ಗಂಟೆಗಳು ಬೇಕು. ಓಟಗಾರನಿಗೆ ದೊರೆಯುವುದು 24 ಗಂಟೆ ಮಾತ್ರ.

ಹಾಗಾದರೆ ಉಳಿದ ಹನ್ನೊಂದು ಗಂಟೆಗಳನ್ನು ಆತನು ಉಳಿಸುವುದೆಲ್ಲಿ? ಕಡಿದಾದ ಏರಿನಲ್ಲಿ ನುರಿತ ಓಟಗಾರರೂ ಓಡುವುದಿಲ್ಲ. ಕೈಗಳನ್ನು ತೊಡೆಗಳ ಮೇಲೂರಿ ಬಿರುಸಾಗಿ ನಡೆಯುತ್ತಾರೆ. ಓಟವೆಲ್ಲವೂ ಸಮನೆಲದಲ್ಲಿ ಮತ್ತು ಇಳಿಜಾರಿನಲ್ಲಿ. ಇಳಿಯುವಾಗ ತೊಡೆಯ ಸ್ನಾಯುಗಳು ಹಿಗ್ಗುತ್ತಲೇ ದೇಹದ ಭಾರವನ್ನು ತಡೆಯಬೇಕಾಗುವುದರಿಂದ ಅವು ಬೇಗನೆ ನೋಯುತ್ತವೆ. ಆದುದರಿಂದ ಏರುವುದಕ್ಕಿಂತ ಇಳಿಯುವುದಕ್ಕೇ ಹೆಚ್ಚಿನ ಅಭ್ಯಾಸ ಬೇಕೆಂದು ಬಲ್ಲವರು ಹೇಳುತ್ತಾರೆ.

ಕಾಲಿನ ಬಲವೊಂದೇ ಇಲ್ಲಿ ಸಾಲದು. ಮುಟ್ಟಬೇಕಾದ ಶಿಖರಗಳು ಗೊತ್ತಾಗಿವೆ. ಅವುಗಳ ನಡುವಣ ದಾರಿ ಗೊತ್ತಾಗಿಲ್ಲ. ನೇರವಾಗಿ ಹೋದರೆ ಜೌಗು ನೆಲವಿರಬಹುದು. ಬಳಸಿ ಹೋದರೆ ಸಮಯ ಹಾಳಾಗಬಹುದು. ಆದುದರಿಂದ ಓಟಗಾರರು ಎಷ್ಟೋ ತಿಂಗಳುಗಳ ಮುಂಚಿನಿಂದಲೇ ಭೂಪಟ ಮತ್ತು ದಿಕ್ಸೂಚಿಗಳನ್ನು ಹಿಡಿದು ಬೆಟ್ಟಗಳನ್ನು ಸ್ವಲ್ಪ ಸ್ವಲ್ಪವಾಗಿ ಪರಿಚಯಮಾಡಿಕೊಳ್ಳುತ್ತಾರೆ. ಯಾವ ತೊರೆಯನ್ನು ಎಲ್ಲಿ ದಾಟಬಹುದು, ಯಾವ ಬಂಡೆಯ ಬಳಿ ತಿರುಗಬೇಕು ಎಂಬುದನ್ನು ಮನಸ್ಸಿನಲ್ಲಿ ಬರೆದುಕೊಳ್ಳುತ್ತಾರೆ. ಮಂಜು ಮುಸುಕಿದಾಗ ಆ ಪರಿಚಯವೇ ಅವರಿಗೆ ಕಣ್ಣು. ಅಪಾಯವೊದಗಿದರೆ ಒಂದು ನಿಮಿಷದಲ್ಲಿ ಆರು ಬಾರಿ ಸೀಟಿಯೂದಿ, ಒಂದು ನಿಮಿಷ ತಡೆದು, ಮತ್ತೆ ಊದುವುದು ಅಲ್ಲಿಯ ಬೆಟ್ಟಗಳಲ್ಲಿ ಸಹಾಯ ಬೇಡುವ ಸಂಕೇತ. ಹವೆ ಕೆಟ್ಟಾಗ ಓಟವನ್ನು ನಿಲ್ಲಿಸಿ ಕೆಳಗಿಳಿಯುವುದನ್ನು ಅಲ್ಲಿ ಯಾರೂ ಹೇಡಿತನವೆನ್ನುವುದಿಲ್ಲ. ಬೆಟ್ಟವು ಮರುವರ್ಷವೂ ಅಲ್ಲಿಯೇ ಇರುತ್ತದೆ, ಓಟಗಾರನೂ ಇರಬೇಕಲ್ಲವೆ?

ಗ್ರಹಾಂ ಅವರ ಸಾಧನೆಯನ್ನು ಇಪ್ಪತ್ತೆಂಟು ವರ್ಷಗಳ ಕಾಲ ಯಾರೂ ಸರಿಗಟ್ಟಲಿಲ್ಲ. 1960ರಲ್ಲಿ ಆಲನ್ ಹೀಟನ್ ಎಂಬವರು ಅದನ್ನು ಮತ್ತೆ ಸಾಧಿಸಿದರು. 1975ರಲ್ಲಿ ಜಾಸ್ ನೇಲರ್ ಎಂಬ ಕುರಿಗಾರರು ಒಂದೇ ದಿನದಲ್ಲಿ 72 ಶಿಖರಗಳನ್ನೇರಿದರು. ಬಾಲ್ಯದಲ್ಲಿಯೇ ಬೆನ್ನಿಗೆ ಪೆಟ್ಟು ಬಿದ್ದು ನರಳಿದವರು ಅವರು. 1977ರಲ್ಲಿ ಜೀನ್ ಡಾಸ್ ಅವರು ಗ್ರಹಾಂ ಸುತ್ತನ್ನು ಪೂರೈಸಿದ ಮೊದಲ ಮಹಿಳೆಯಾದರು.

1971ರಲ್ಲಿ ಸ್ಥಾಪಿತವಾದ ಬಾಬ್ ಗ್ರಹಾಂ ಕ್ಲಬ್ಬು ಈ ಸುತ್ತನ್ನು ಮುಗಿಸಿದವರ ಹೆಸರುಗಳನ್ನು ದಾಖಲಿಸುತ್ತದೆ. ಅದಕ್ಕೊಂದು ನಿಯಮವುಂಟು. ಪ್ರತಿಯೊಂದು ಶಿಖರದಲ್ಲಿಯೂ ಓಟಗಾರನೊಡನೆ ಒಬ್ಬ ಸಂಗಡಿಗನು ಸಾಕ್ಷಿಯಾಗಿರಬೇಕು. ಈ ಸಂಗಡಿಗರು ಆಹಾರವನ್ನು ಹೊರುತ್ತಾರೆ, ರಾತ್ರಿಯಲ್ಲಿ ದಾರಿ ತೋರುತ್ತಾರೆ, ಗಡಿಯಾರವನ್ನು ನೋಡುತ್ತಾರೆ. ಅವರಿಗೆ ಸಂಬಳವಿಲ್ಲ. ಇಂದು ನೆರವು ಪಡೆದವನು ನಾಳೆ ಇನ್ನೊಬ್ಬನ ಬುತ್ತಿಯನ್ನು ಹೊತ್ತು ಬೆಟ್ಟವೇರುತ್ತಾನೆ; ಅದೇ ಅಲ್ಲಿಯ ಋಣಸಂದಾಯ.

ಇಪ್ಪತ್ತನಾಲ್ಕು ಗಂಟೆಗಳ ಮೇಲೆ ಒಂದು ನಿಮಿಷ ತಡವಾದರೂ ಹೆಸರು ದಾಖಲಾಗದು. ಆದರೂ ತಡವಾಗಿ ಬಂದವನು ಬರಿಗೈಯಲ್ಲಿ ಬಂದವನಲ್ಲ. ನಲವತ್ತೆರಡು ಬೆಟ್ಟಗಳು ಅವನಿಗೆ ಪರಿಚಿತವಾಗಿವೆ. ಕತ್ತಲೆಯಲ್ಲಿ ಜೊತೆಗೆ ನಡೆದ ಗೆಳೆಯರು ದೊರೆತಿದ್ದಾರೆ. ಮರುವರ್ಷ ಅವನು ಮತ್ತೆ ಹೊರಡುವಾಗ ಇವೆರಡೂ ಅವನ ಸಂಗಡವಿರುತ್ತವೆ.