ತಿಳಿನೀರಿನಲ್ಲಿ ಅಡಗಿದ ಮ್ಯಾಂಗನೀಸ್

ಕೊಳವೆಬಾವಿಯ ನೀರು ಹಂಡೆಯಲ್ಲಿ ನಿಂತು ಕಪ್ಪು ಗಸಿ ಬಿಟ್ಟರೆ ಮ್ಯಾಂಗನೀಸ್ ಇರಬಹುದೆಂದು ನಾವು ಶಂಕಿಸುತ್ತೇವೆ. ಅಲ್ಪ ಪ್ರಮಾಣದಲ್ಲಿದ್ದರೆ ಅದು ಕಣ್ಣಿಗೆ ಕಾಣದು. ಭಾರತೀಯ ಮಾನಕದ ಮಿತಿ ಲೀಟರಿಗೆ 0.1 ಮಿಲಿಗ್ರಾಂ, ಬೇರೆ ಜಲಮೂಲವಿಲ್ಲದೆಡೆ 0.3. ಬಾಟಲಿಹಾಲು ಕುಡಿಯುವ ಹಸುಗೂಸುಗಳನ್ನು ಗಮನದಲ್ಲಿಟ್ಟು ವಿಶ್ವ ಆರೋಗ್ಯ ಸಂಸ್ಥೆ 2021ರಲ್ಲಿ ಸೂಚಿಸಿದ್ದು 0.08. ಹೆಚ್ಚಾದುದನ್ನು ಪಿತ್ತದ ಮೂಲಕ ಹೊರಹಾಕುವ ಶಕ್ತಿ ಶಿಶುವಿನಲ್ಲಿ ಇನ್ನೂ ಬಲಿತಿರುವುದಿಲ್ಲ. ಅಪಾಯವು ಬೆಳೆಯುವ ಮಿದುಳಿಗೆ.

ಹಳೆಯ ಬಾಟಲಿಯಲ್ಲಿ ನೀರು ತುಂಬಿ ವಾರ ಕಳೆದು ಪರೀಕ್ಷೆಗೆ ಒಯ್ಯಬಾರದು. ಲೋಹವು ಬಾಟಲಿಯ ಒಳಮೈಗೆ ಅಂಟಿ, ವರದಿಯು ಸುಳ್ಳು ಸಮಾಧಾನ ನೀಡೀತು. ನೈಟ್ರಿಕ್ ಆಮ್ಲ ಹಾಕಿದ ಬಾಟಲಿಯನ್ನು ಪ್ರಯೋಗಾಲಯದಿಂದಲೇ ಪಡೆಯಿರಿ, ಅದನ್ನು ತೊಳೆಯದಿರಿ. 0.08ಕ್ಕಿಂತ ಕೆಳಗೂ ಅಳೆಯಬಲ್ಲ ವಿಧಾನವೇ ಎಂದು ವಿಚಾರಿಸಿರಿ.

ಕುದಿಸಿದರೆ ಮ್ಯಾಂಗನೀಸ್ ಹೋಗದು. ತಾಮ್ರದ ಬಿಂದಿಗೆಯೂ ಇದಕ್ಕೆ ಪರಿಹಾರವಲ್ಲ. ಆಯುರ್ವೇದ ವೈದ್ಯರಾದ ನಾವೇ ಇದನ್ನು ಹೇಳುತ್ತಿದ್ದೇವೆ. ವರದಿ ಬರುವವರೆಗೆ ಕೂಸಿನ ಹಾಲಿಗೆ ಪರೀಕ್ಷಿತವಾದ ಬೇರೆ ನೀರನ್ನು ಬಳಸಿರಿ.